ಮನೋರೋಗಕ್ಕೂ ಜ್ವರಕ್ಕೂ ನಂಟುಂಟೆ?

ನಮ್ಮ ವಾಚನಾಲಯಕ್ಕೆ ಸಂಜೆ ಹೊತ್ತು ತಪ್ಪದೆ ಬರುವವರಲ್ಲಿ ಒಬ್ಬ ತರುಣನಿದ್ದಾನೆ. ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಲೆಕ್ಕ ಬರೆಯುತ್ತಿದ್ದವನು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಮಳೆಗಾಲದಲ್ಲಿ ಮುಂಬಯಿಯಲ್ಲಿ ಯಾರಿಗೆ ಜ್ವರ ಬರುವುದಿಲ್ಲ? ಖೋಲಿಯಲ್ಲಿದ್ದವರು ಗುಳಿಗೆ ತಂದು ಕೊಟ್ಟು ಕೆಲಸಕ್ಕೆ ಹೋದರು. ಐದನೆಯ ದಿನ ಎದ್ದು ಕುಳಿತವನು ಎಂದೋ ತೀರಿಹೋದ ತಂದೆಯನ್ನು ಕರೆಯತೊಡಗಿದ. ಗೋಡೆಯಿಂದ ಸುಟ್ಟ ವಾಸನೆ ಬರುತ್ತಿದೆ ಎಂದ. ಮೂರು ವರ್ಷ ಜೊತೆಯಲ್ಲಿ ಉಂಡು ಮಲಗಿದ್ದ ಗೆಳೆಯನನ್ನು ನೋಡಿ, "ನೀವು ಯಾರು?" ಎಂದು ಕೇಳಿದ.

ಖೋಲಿಯಲ್ಲಿದ್ದ ಜನ ಎಷ್ಟೋ ಅಭಿಪ್ರಾಯಗಳೂ ಅಷ್ಟು. ಕುಡಿತ ಕಲಿತಿರಬೇಕೆಂದು ಒಬ್ಬ. ಊರಿನ ದೈವಕ್ಕೆ ಹೇಳಿಕೊಂಡ ಹರಕೆ ಬಾಕಿ ಇದೆಯೆಂದು ಇನ್ನೊಬ್ಬ. ಗೊತ್ತಾಗಿದ್ದ ಮದುವೆ ಮುರಿದುಬಿದ್ದ ದುಃಖ ತಲೆಗೇರಿತೆಂದು ಮತ್ತೊಬ್ಬ. ಎಲ್ಲರೂ ಒಪ್ಪಿದ್ದು ಒಂದೇ ಮಾತು: ಹುಡುಗನಿಗೆ ಹುಚ್ಚು ಹಿಡಿದಿದೆ, ಊರಿಗೆ ಕಳಿಸಿಬಿಡುವುದು ಲೇಸು. ಮಂಗಳೂರು ಗಾಡಿಗೆ ಟಿಕೆಟು ತೆಗೆಯಲು ಚಂದಾ ಎತ್ತಿದರು. ಆ ಪಟ್ಟಿಯಲ್ಲಿ ನಮ್ಮ ಹೆಸರೂ ಇತ್ತು. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ನಮ್ಮ ಮಾತಿನಲ್ಲೇ ಒಂದು ತೊಡಕಿದೆ. ಜ್ವರ "ಬರುತ್ತದೆ", ಹುಚ್ಚು "ಹಿಡಿಯುತ್ತದೆ". ಬಂದದ್ದು ಹೋಗುತ್ತದೆ, ಹಿಡಿದದ್ದನ್ನು ಬಿಡಿಸಬೇಕು. ಆದಕಾರಣ ಒಂದಕ್ಕೆ ವೈದ್ಯ, ಇನ್ನೊಂದಕ್ಕೆ ಮಂತ್ರವಾದಿ. ಆದರೆ ಅದೇ ಕನ್ನಡದಲ್ಲಿ "ಸನ್ನಿ" ಎಂಬ ಮಾತೂ ಇದೆ. ಜ್ವರ ಏರಿದವನು ಏನೇನೋ ಬಡಬಡಿಸಿದರೆ ಅಜ್ಜಿ "ಸನ್ನಿಯಾಗಿದೆ" ಎನ್ನುತ್ತಿದ್ದಳೇ ಹೊರತು ಹುಚ್ಚೆನ್ನುತ್ತಿರಲಿಲ್ಲ. ದೇಹದ ಬೇನೆ ಬುದ್ಧಿಯನ್ನು ಕದಡಬಲ್ಲದು ಎಂಬುದು ಆಕೆಗೆ ತಿಳಿದಿತ್ತು. ಈ ತಿಳಿವಳಿಕೆ ಎಷ್ಟು ದೂರ ಸಲ್ಲುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ವೈದ್ಯರು ನೂರು ವರ್ಷಗಳಿಗೂ ಮಿಕ್ಕಿ ಶೋಧಿಸುತ್ತ ಬಂದಿದ್ದಾರೆ.

ಈ ಕಥೆಯ ಮೊದಲ ಅಧ್ಯಾಯ ನಡೆದದ್ದು ವಿಯೆನ್ನಾ ನಗರದಲ್ಲಿ. ಒಂದನೆಯ ಮಹಾಯುದ್ಧದ ಕಾಲ. ಅಲ್ಲಿನ ಮನೋರೋಗ ಚಿಕಿತ್ಸಾಲಯಕ್ಕೆ ವಿಚಿತ್ರ ರೋಗಿಗಳು ಬರತೊಡಗಿದರು. ಕೆಲವರು ಉಣ್ಣುತ್ತ ಉಣ್ಣುತ್ತಲೇ ನಿದ್ದೆಹೋಗುವರು. ಎಬ್ಬಿಸಿದರೆ ಸರಿಯಾಗಿಯೇ ಉತ್ತರ ಹೇಳಿ ಮತ್ತೆ ಮಲಗುವರು. ಬೇರೆ ಕೆಲವರಿಗೆ ರಾತ್ರಿ ಹಗಲು ರೆಪ್ಪೆ ಅಂಟುತ್ತಿರಲಿಲ್ಲ. ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ ಎಂಬ ವೈದ್ಯನು ೧೯೧೭ರಲ್ಲಿ ಇವರೆಲ್ಲರಿಗೂ ಇರುವುದು ಒಂದೇ ರೋಗವೆಂದೂ ಅದು ಮಿದುಳಿನ ಉರಿಯೂತವೆಂದೂ ತೋರಿಸಿದನು. ಸತ್ತವರ ಮಿದುಳನ್ನು ಪರೀಕ್ಷಿಸಿ, ಒಳಗಿನ ಒಂದು ಚಿಕ್ಕ ಭಾಗದ ಹಿಂಬದಿ ಕೆಟ್ಟಿದ್ದರೆ ನಿದ್ದೆ ಹೆಚ್ಚುವುದು, ಮುಂಬದಿ ಕೆಟ್ಟಿದ್ದರೆ ನಿದ್ದೆ ಹಾರಿಹೋಗುವುದು ಎಂದು ಗುರುತಿಸಿದನು. ನಿದ್ದೆಗೆ ಮಿದುಳಿನಲ್ಲಿ ಒಂದು ಮನೆಯುಂಟೆಂಬುದು ಹೀಗೆ ತಿಳಿದುಬಂತು.

ಈ "ನಿದ್ರಾ ಮಿದುಳು ಜ್ವರ" ಸುಮಾರು ಹತ್ತು ವರ್ಷ ಜಗತ್ತನ್ನು ಸುತ್ತಿ, ಬಂದ ಹಾಗೆಯೇ ಹೊರಟುಹೋಯಿತು. ಅದು ಮಕ್ಕಳಲ್ಲಿ ಬಿಟ್ಟುಹೋದ ಗುರುತು ಎಲ್ಲಕ್ಕಿಂತ ದಾರುಣವಾದುದು. ಜ್ವರ ಬಿಟ್ಟು ಮೈ ಸುಧಾರಿಸಿದ ಎಷ್ಟೋ ಮಕ್ಕಳ ಸ್ವಭಾವವೇ ಬದಲಾಯಿತು. ವಿಧೇಯರಾಗಿದ್ದವರು ಕದಿಯತೊಡಗಿದರು, ಸುಳ್ಳು ಹೇಳತೊಡಗಿದರು, ಚಿಕ್ಕವರನ್ನು ಹೊಡೆದು ಬಡಿದು ಮಾಡಿದರು. ಮಾಡಿದ ಮೇಲೆ ಅತ್ತು, "ನಾನು ಬೇಕೆಂದು ಮಾಡಲಿಲ್ಲ" ಎನ್ನುವರಂತೆ. ಶಾಲೆಯಿಂದ ಹೊರಹಾಕಿಸಿಕೊಂಡ ಇಂಥ ಮಕ್ಕಳಿಗೆಂದು ಇಂಗ್ಲೆಂಡಿನಲ್ಲಿ ಪ್ರತ್ಯೇಕ ವಾರ್ಡುಗಳನ್ನೇ ತೆರೆಯಬೇಕಾಯಿತು. ನಡತೆಯ ದೋಷವೆಂದು ಬೆತ್ತ ಹಿಡಿಯುವ ಮುನ್ನ ಮಗುವಿಗೆ ಈಚೆಗೆ ಯಾವ ಕಾಯಿಲೆ ಬಂದು ಹೋಯಿತೆಂದು ಕೇಳಬೇಕೆಂಬ ಬುದ್ಧಿ ವೈದ್ಯರಿಗೆ ಬಂದದ್ದು ಅಂದಿನಿಂದ.

ಬದುಕಿ ಉಳಿದ ದೊಡ್ಡವರಲ್ಲಿ ಅನೇಕರು ವರ್ಷಗಳು ಕಳೆದಂತೆ ಕೈಕಾಲು ಬಿಗಿದು, ಮಾತು ಕಟ್ಟಿ, ಕಲ್ಲಿನ ಮೂರ್ತಿಗಳಂತೆ ಕುಳಿತುಬಿಟ್ಟರು. ೧೯೬೯ರಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ಆಲಿವರ್ ಸ್ಯಾಕ್ಸ್ ಎಂಬ ವೈದ್ಯರು ಅಂಥವರಿಗೆ ಎಲ್-ಡೋಪಾ ಎಂಬ ಹೊಸ ಔಷಧ ಕೊಟ್ಟಾಗ, ದಶಕಗಳ ಕಾಲ ಕದಲದಿದ್ದವರು ಎದ್ದು ನಡೆದಾಡಿದರು. ಆ ಸುಖ ಬಹಳ ಕಾಲ ನಿಲ್ಲಲಿಲ್ಲವೆಂಬುದು ಬೇರೆ ಮಾತು.

ಈ ರೋಗ ತಂದದ್ದು ಯಾವುದು? ೧೯೧೮ರ ಮಹಾ ಇನ್‌ಫ್ಲುಯೆಂಜಾದ ಮೇಲೆ ಎಲ್ಲರ ಸಂಶಯ ಹೋಯಿತು. ಎರಡೂ ಒಂದೇ ಕಾಲದಲ್ಲಿ ಹಬ್ಬಿದ್ದವಷ್ಟೆ. ಆ ಇನ್‌ಫ್ಲುಯೆಂಜಾ ನಮ್ಮ ದೇಶಕ್ಕೆ ಕಾಲಿಟ್ಟದ್ದು ಇದೇ ಮುಂಬಯಿಯ ಮೂಲಕ, ೧೯೧೮ರ ಜೂನ್ ತಿಂಗಳಲ್ಲಿ. ಕೋಟಿಗೂ ಮಿಕ್ಕಿ ಜನ ತೀರಿಕೊಂಡರು. ಆದರೆ ನಿದ್ರಾ ಜ್ವರದಿಂದ ಸತ್ತವರ ಮಿದುಳಿನ ತುಣುಕುಗಳನ್ನು ಕಾಪಿಟ್ಟಿದ್ದವರು ಅವನ್ನು ಹೊಸ ವಿಧಾನಗಳಿಂದ ಪರೀಕ್ಷಿಸಿದಾಗ ಇನ್‌ಫ್ಲುಯೆಂಜಾ ವೈರಸ್ಸು ಸಿಕ್ಕಲಿಲ್ಲ. ಅಪರಾಧಿ ಇಂದಿಗೂ ಪತ್ತೆಯಾಗಿಲ್ಲ. ಇತ್ತ ಬಾಸ್ಟನ್ ನಗರದಲ್ಲಿ ಕಾರ್ಲ್ ಮೆನ್ನಿಂಜರ್ ಎಂಬ ತರುಣ ವೈದ್ಯನು ಆ ಇನ್‌ಫ್ಲುಯೆಂಜಾ ಬಂದು ಹೋದಮೇಲೆ ಚಿತ್ತಭ್ರಮೆಯಾದವರನ್ನು ನೋಡಿದನು. ಅವರಲ್ಲಿ ಹಲವರು ಇಂದು ಸ್ಕಿಜೊಫ್ರೇನಿಯ ಎನ್ನುವ ಚಿತ್ತವಿಕಲತೆಯವರಂತೆಯೇ ಕಂಡರು. ಕೆಲವು ವರ್ಷ ಬಿಟ್ಟು ಅವರನ್ನು ಹುಡುಕಿಕೊಂಡು ಹೋದಾಗ ಬಹುಮಂದಿ ವಾಸಿಯಾಗಿದ್ದರು. ಎಂದೂ ವಾಸಿಯಾಗದೆಂದು ನಂಬಿದ್ದ ರೋಗ ಹೀಗೆ ಬಿಟ್ಟುಹೋಗಬಹುದೇ ಎಂದು ಮೆನ್ನಿಂಜರ್ ಆಶ್ಚರ್ಯಪಟ್ಟನು.

ವೈರಸ್ಸೆಂದರೇನು ಎಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಬ್ಯಾಕ್ಟೀರಿಯಾ ಎಂಬ ರೋಗಾಣುಗಳು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ, ತಾವಾಗಿಯೇ ಬೆಳೆಯುತ್ತವೆ. ವೈರಸ್ಸು ಅವಕ್ಕಿಂತ ಎಷ್ಟೋ ಸಣ್ಣದು, ಸ್ವಂತ ಸಂಸಾರವಿಲ್ಲದ್ದು. ಪ್ರಾಣಿಯ ಜೀವಕೋಶದೊಳಗೆ ಹೊಕ್ಕು, ಅಲ್ಲಿನ ಪಾತ್ರೆ ಪಡಗ ಬಳಸಿಕೊಂಡೇ ಅದು ವೃದ್ಧಿಯಾಗಬೇಕು. ಬಾಡಿಗೆ ಕೊಡದೆ ಖೋಲಿಯೊಳಗೆ ಸೇರಿಕೊಂಡು ಒಡೆಯನನ್ನೇ ಹೊರಹಾಕುವವರನ್ನು ನಮ್ಮ ವಾಚಕರು ಕಂಡಿರಬಹುದು.

ಅದು ಬುದ್ಧಿಯನ್ನು ಕೆಡಿಸುವ ದಾರಿಗಳು ಹಲವು. ನೇರವಾಗಿ ಮಿದುಳಿಗೆ ನುಗ್ಗುವುದು ಒಂದು ದಾರಿ. ಹುಚ್ಚುನಾಯಿ ಕಚ್ಚಿದರೆ ಗಾಯದಿಂದ ನರದ ಗುಂಟ ಮಿದುಳಿಗೆ ಏರುವ ವೈರಸ್ಸು ಎಲ್ಲರಿಗೂ ಗೊತ್ತಿರುವುದೇ. ನಾಯಿಗೆ "ಹುಚ್ಚು" ಎಂದು ಹೆಸರಿಟ್ಟ ನಮ್ಮ ಹಿರಿಯರು ಈ ನಂಟನ್ನು ಆಗಲೇ ಕಂಡಿದ್ದರು.

ಇನ್ನೊಂದು ಹರ್ಪಿಸ್ ಎಂಬ ವೈರಸ್ಸು. ಜ್ವರ ಬಂದು ಹೋದಾಗ ತುಟಿಯಂಚಿನಲ್ಲಿ ಏಳುವ ನೀರುಗುಳ್ಳೆ ಇದರ ಕೆಲಸ. ಸರ್ಪಸುತ್ತಿನ ವೈರಸ್ಸು ಇದರ ದಾಯಾದಿ. ಬಹುಮಂದಿಯ ಮೈಯಲ್ಲಿ ಇದು ನರಗಳ ಗಂಟಿನಲ್ಲಿ ಅಡಗಿ ತೆಪ್ಪಗಿರುತ್ತದೆ. ಎಲ್ಲೋ ಅಪರೂಪಕ್ಕೆ ಒಬ್ಬರಲ್ಲಿ ಮಿದುಳಿಗೆ ಹೊಕ್ಕರೆ, ಕಿವಿಯ ಮೇಲ್ಭಾಗಕ್ಕೆ ಒಳಗಡೆ ಇರುವ ಹಾಳೆಗಳನ್ನು ಸುಡುತ್ತದೆ. ನೆನಪು, ವಾಸನೆ, ಭಯ, ಸಿಟ್ಟು ಇವುಗಳಿಗೆಲ್ಲ ಆ ಜಾಗದೊಡನೆ ಸಂಬಂಧವುಂಟು. ಆದ್ದರಿಂದ ರೋಗಿ ಇಲ್ಲದ ವಾಸನೆ ಮೂಸುತ್ತಾನೆ, ಗುರುತು ಮರೆಯುತ್ತಾನೆ, ಕಾರಣವಿಲ್ಲದೆ ಬೆದರುತ್ತಾನೆ. ನೋಡುವವರಿಗೆ ಅದು ಹುಚ್ಚಿನಂತೆಯೇ ಕಾಣುತ್ತದೆ. ಔಷಧವಿಲ್ಲದ ಕಾಲದಲ್ಲಿ ಈ ಮಿದುಳು ಜ್ವರ ತಗಲಿದ ನೂರರಲ್ಲಿ ಸುಮಾರು ಎಪ್ಪತ್ತು ಮಂದಿ ಸಾಯುತ್ತಿದ್ದರು. ಅಸೈಕ್ಲೊವಿರ್ ಎಂಬ ಔಷಧದಿಂದ ಸಾವು ಬಹಳ ಇಳಿಯುವುದೆಂದು ೧೯೮೦ರ ದಶಕದ ನಡುವೆ ಸಿದ್ಧಪಟ್ಟಿತು. ಈ ಔಷಧ ಹೊರಬಂದ ಪ್ರಯೋಗಾಲಯವನ್ನು ನಡೆಸುತ್ತಿದ್ದ ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆಗೆ ೧೯೮೮ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆದರೆ ಔಷಧ ಬೇಗ ಬೀಳಬೇಕು. ಇಲ್ಲಿ ಒಂದೊಂದು ದಿನದ ತಡವೂ ರೋಗಿಯ ನೆನಪಿನ ಲೆಕ್ಕದಲ್ಲಿ ಖರ್ಚು ಬೀಳುತ್ತದೆ.

ಮಲೆನಾಡಿನಿಂದ ಬಂದ ವಾಚಕರಿಗೆ ಮಂಗನ ಕಾಯಿಲೆಯ ಪರಿಚಯವಿದ್ದೇ ಇರುತ್ತದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸೌದೆ ಸೊಪ್ಪಿಗೆ ಹೋದವರು ಹಾಸಿಗೆ ಹಿಡಿದರು. ಉಣುಗು ಹೊತ್ತು ತರುವ ಆ ವೈರಸ್ಸನ್ನು ಕಂಡುಹಿಡಿದದ್ದು ೧೯೫೨ರಲ್ಲಿ ಪುಣೆಯಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನ ಕೇಂದ್ರ. ಅದರ ರೋಗಿಗಳಲ್ಲಿ ಕೆಲವರಿಗೆ ಮೊದಲ ಜ್ವರ ಬಿಟ್ಟು ಒಂದೆರಡು ವಾರ ನೆಮ್ಮದಿಯೆನಿಸಿ, ಮತ್ತೆ ಜ್ವರ ಬಂದಾಗ ಕೈನಡುಕ, ಮಂಪರು, ಬುದ್ಧಿ ಕಲಕುವುದು ಇವು ಕಾಣುತ್ತವೆ. ಜ್ವರ ಬಿಟ್ಟಿತು, ಇನ್ನು ಭಯವಿಲ್ಲ ಎನ್ನುವಂತಿಲ್ಲ.

ಎರಡನೆಯ ದಾರಿ ಇನ್ನೂ ವಿಚಿತ್ರ. ವೈರಸ್ಸನ್ನು ಓಡಿಸಲು ದೇಹವು ಹೂಡಿದ ಸೈನ್ಯವೇ ಗುರುತು ತಪ್ಪಿ ಮಿದುಳಿನ ಮೇಲೆ ಬೀಳುವುದು. ೨೦೦೭ರಲ್ಲಿ ಜೋಸೆಪ್ ಡಾಲ್ಮೌ ಎಂಬ ವೈದ್ಯರೂ ಅವರ ಸಂಗಡಿಗರೂ ಇಂಥ ಒಂದು ರೋಗವನ್ನು ವಿವರಿಸಿದರು. ಅವರು ಮೊದಲು ಕಂಡ ರೋಗಿಗಳು ತರುಣಿಯರು. ಅಂಡಾಶಯದಲ್ಲಿ ಚಿಕ್ಕ ಗಡ್ಡೆ. ದೇಹದ ಪ್ರತಿರೋಧ ದ್ರವ್ಯಗಳು ಮಿದುಳಿನ ಕೋಶಗಳಿಗೆ ಅಂಟಿಕೊಂಡಿದ್ದವು. ಈ ರೋಗದವರು ಭ್ರಮೆ, ಸಂಶಯ, ಅರಚಾಟಗಳಿಂದಾಗಿ ಮೊದಲು ಮನೋವೈದ್ಯರ ಬಳಿಗೇ ಹೋಗುವುದು ಹೆಚ್ಚು. ತಕ್ಕ ಚಿಕಿತ್ಸೆಯಿಂದ ಬಹುಮಂದಿ ಚೇತರಿಸಿಕೊಳ್ಳುತ್ತಾರೆ. ಹರ್ಪಿಸ್ ಮಿದುಳು ಜ್ವರ ವಾಸಿಯಾದ ಕೆಲವರಲ್ಲಿಯೂ ವಾರಗಳ ಮೇಲೆ ಇದೇ ರೋಗ ತಲೆಯೆತ್ತುವುದನ್ನು ಆಮೇಲೆ ಕಂಡರು. ಇಂಥ ರೋಗವನ್ನು ಗುರುತಿಸದೆ ದೆವ್ವ ಬಿಡಿಸಲು ಹೊಡೆಸಿಕೊಂಡ ಹೆಣ್ಣುಮಕ್ಕಳು ಹಿಂದಿನ ಕಾಲದಲ್ಲಿ ಎಷ್ಟು ಮಂದಿಯೋ ಎಂದು ನಾವು ಆಗಾಗ ಯೋಚಿಸುವುದುಂಟು.

ಮೂರನೆಯದು ತಾಯಿಯ ಗರ್ಭದ ದಾರಿ. ೧೯೪೧ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ವೈದ್ಯನ ಬಳಿಗೆ ಹುಟ್ಟುವಾಗಲೇ ಪೊರೆ ಬಂದ ಕೂಸುಗಳು ಒಂದರ ಮೇಲೊಂದು ಬಂದವು. ಹೊರಗೆ ಕಾದು ಕುಳಿತಿದ್ದ ತಾಯಂದಿರು ತಂತಮ್ಮೊಳಗೆ, ಬಸುರಿಯಾಗಿದ್ದಾಗ ತಮಗೆ ರುಬೆಲ್ಲಾ ಬಂದಿತ್ತೆಂದು ಮಾತಾಡಿಕೊಳ್ಳುವುದು ಅವನ ಕಿವಿಗೆ ಬಿತ್ತು. ರುಬೆಲ್ಲಾ ಎಂದರೆ ಜರ್ಮನ್ ದಡಾರ; ಮೂರು ದಿನ ಮೈಮೇಲೆ ಕೆಂಪು ಗಂದೆಯೆದ್ದು ಹೋಗುವ ಕ್ಷುಲ್ಲಕ ಕಾಯಿಲೆ. ಅದು ಬಸಿರಿನ ಮೊದಲ ತಿಂಗಳುಗಳಲ್ಲಿ ಬಂದರೆ ಕೂಸಿನ ಕಣ್ಣು, ಕಿವಿ, ಹೃದಯಗಳನ್ನು ಕೆಡಿಸುವುದೆಂದು ಹೀಗೆ ತಿಳಿಯಿತು. ಕಾಯುವವರ ಬೆಂಚಿನಲ್ಲಿ ಕುಳಿತ ಹೆಂಗಸರ ಮಾತಿಗೆ ಕಿವಿಗೊಟ್ಟ ವೈದ್ಯನನ್ನು ಮೆಚ್ಚಬೇಕು. ಮುಂದೆ ೧೯೬೪ರ ಸುಮಾರಿಗೆ ಅಮೆರಿಕದಲ್ಲಿ ರುಬೆಲ್ಲಾ ಹಬ್ಬಿ ಸುಮಾರು ೨೦,೦೦೦ ಕೂಸುಗಳು ಅದರ ಪೆಟ್ಟು ತಿಂದು ಹುಟ್ಟಿದವು. ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯೆ ಅಂಥ ಮಕ್ಕಳಲ್ಲಿ ಹಲವರನ್ನು ಪರೀಕ್ಷಿಸಿ, ಯಾರೊಡನೆಯೂ ಬೆರೆಯದೆ ತಮ್ಮೊಳಗೇ ಇರುವ ಆಟಿಸಂ ಎಂಬ ಸ್ಥಿತಿ ಸಾಮಾನ್ಯ ಮಕ್ಕಳಿಗಿಂತ ಅವರಲ್ಲಿ ಎಷ್ಟೋ ಹೆಚ್ಚೆಂದು ೧೯೭೧ರಲ್ಲಿ ತಿಳಿಸಿದರು.

ಈ ಜಾಡು ಹಿಡಿದು, ಇನ್‌ಫ್ಲುಯೆಂಜಾವೂ ಗರ್ಭದ ಕೂಸಿನ ಬುದ್ಧಿಗೆ ಧಕ್ಕೆ ತರುವುದೇ ಎಂದು ಕೇಳಿದರು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ೧೯೫೭ರ ಇನ್‌ಫ್ಲುಯೆಂಜಾ ಕಾಲಕ್ಕೆ ನಡು ತಿಂಗಳುಗಳ ಗರ್ಭದಲ್ಲಿದ್ದವರಿಗೆ ದೊಡ್ಡವರಾದ ಮೇಲೆ ಸ್ಕಿಜೊಫ್ರೇನಿಯ ಹೆಚ್ಚಾಗಿ ಬಂದಿದೆಯೆಂದು ೧೯೮೮ರಲ್ಲಿ ಒಂದು ವರದಿ ಹೊರಬಂತು. ಬೇರೆ ದೇಶಗಳಲ್ಲಿ ಹುಡುಕಿದಾಗ ಕೆಲವೆಡೆ ಹೌದೆಂದು ಬಂತು, ಕೆಲವೆಡೆ ಇಲ್ಲವೆಂದು ಬಂತು. ಈ ವಿಷಯದಲ್ಲಿ ಯಾರಾದರೂ ಖಂಡಿತವಾಗಿ ಮಾತಾಡಿದರೆ ವಾಚಕರು ಎಚ್ಚರದಿಂದಿರುವುದು ಒಳ್ಳೆಯದು. ಜರ್ಮನಿಯ ಕುದುರೆಗಳ ಬೋರ್ನಾ ಎಂಬ ವೈರಸ್ಸಿನ ಕಥೆಯೂ ಹೀಗೆಯೇ. ಮಂಕು ಹಿಡಿದವರ ರಕ್ತದಲ್ಲಿ ಅದರ ಸುಳಿವಿದೆಯೆಂದು ೧೯೮೫ರಲ್ಲಿ ಪ್ರಕಟವಾಗಿ ದೊಡ್ಡ ಸುದ್ದಿಯಾಯಿತು. ೨೦೧೨ರಲ್ಲಿ, ಯಾವ ರಕ್ತ ಯಾರದೆಂದು ಪರೀಕ್ಷಕರಿಗೆ ತಿಳಿಸದೆ ಪರೀಕ್ಷೆ ಮಾಡಿಸಿದಾಗ ಮನೋರೋಗಕ್ಕೂ ಅದಕ್ಕೂ ಸಂಬಂಧವೇ ಕಾಣಲಿಲ್ಲ. ಆ ವೈರಸ್ಸಿನಿಂದ ಮನುಷ್ಯರು ಮಿದುಳು ಜ್ವರವಾಗಿ ಸತ್ತದ್ದು ಮಾತ್ರ ಆಮೇಲೆ ನಿಜವೆಂದು ತಿಳಿಯಿತು.

ಇತ್ತೀಚಿನ ಕೋವಿಡ್ಡಿನ ಮಾತು ಬಿಡುವಂತಿಲ್ಲ. ಅದು ತಗಲಿದ್ದ ಸುಮಾರು ೨,೩೬,೦೦೦ ಜನರ ಆಸ್ಪತ್ರೆ ದಾಖಲೆಗಳನ್ನು ನೋಡಿ ೨೦೨೧ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ, ಆರು ತಿಂಗಳೊಳಗೆ ಮೂರರಲ್ಲಿ ಒಬ್ಬರಿಗೆ ನರದ ಇಲ್ಲವೆ ಮನಸ್ಸಿನ ಯಾವುದಾದರೊಂದು ತೊಂದರೆ ದಾಖಲಾಗಿತ್ತು; ಇನ್‌ಫ್ಲುಯೆಂಜಾ ಬಂದವರಲ್ಲಿ ಇದು ಅಷ್ಟಿರಲಿಲ್ಲ. ಮೊದಲಿಂದಲೇ ತೊಂದರೆ ಇದ್ದವರೂ ಆ ಲೆಕ್ಕದಲ್ಲಿದ್ದಾರೆ ಎಂಬುದನ್ನು ಮರೆಯಬಾರದು. ೨೦೨೦ರಲ್ಲಿ ಕೆಲಸ ಹೋಗಿ, ಗಾಡಿ ನಿಂತು, ಗಂಟು ಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆದವರಿಗೆ ನಿದ್ದೆ ಬಾರದೆ ಹೋದರೆ, ಅದರಲ್ಲಿ ವೈರಸ್ಸಿನ ಪಾಲೆಷ್ಟು, ಅನ್ನದ ಚಿಂತೆಯ ಪಾಲೆಷ್ಟು ಎಂದು ತೂಗುವ ತಕ್ಕಡಿ ಯಾವ ವೈದ್ಯರಲ್ಲಿದೆ?

ಇಷ್ಟೆಲ್ಲ ಓದಿ ಯಾರೂ ಗಾಬರಿಪಡಬಾರದು. ಮನೋರೋಗಿಯ ಪಕ್ಕದಲ್ಲಿ ಕುಳಿತರೆ, ಅವನ ತಟ್ಟೆಯಲ್ಲಿ ಉಂಡರೆ ಮನೋರೋಗ ಅಂಟುವುದಿಲ್ಲ. ಬಹುಪಾಲು ಮನೋರೋಗಗಳಿಗೆ ಇಂಥದೇ ಒಂದು ವೈರಸ್ಸು ಕಾರಣವೆಂದು ಯಾರೂ ಸಿದ್ಧಪಡಿಸಿಲ್ಲ. ವಂಶದ ಒಲವು, ಬಾಲ್ಯದ ಪೆಟ್ಟು, ಬದುಕಿನ ಬವಣೆ, ಕುಡಿತ ಇವೆಲ್ಲ ಸೇರಿಕೊಂಡೇ ಅವು ಬರುತ್ತವೆ. ವೈರಸ್ಸು ಕೆಲವರಲ್ಲಿ ಒಂದು ಎಳೆ ಮಾತ್ರ. ಆದರೆ ಆ ಕೆಲವರಲ್ಲಿ ಅದನ್ನು ಗುರುತಿಸದಿದ್ದರೆ ಪ್ರಾಣವೇ ಹೋಗಬಹುದು.

ಹಾಗಾದರೆ ಖೋಲಿಯಲ್ಲಿ ಜೊತೆಗಿರುವವರು ನೋಡಬೇಕಾದುದು ಏನು? ವರ್ಷಗಟ್ಟಲೆ ಮೆಲ್ಲಮೆಲ್ಲನೆ ಬೆಳೆದ ಬದಲಾವಣೆಗೂ ಒಂದು ವಾರದೊಳಗೆ ಎರಗಿದ ಬದಲಾವಣೆಗೂ ವ್ಯತ್ಯಾಸವಿದೆ. ನಿನ್ನೆ ಮೊನ್ನೆಯವರೆಗೆ ಸರಿಯಿದ್ದವನು ಜ್ವರದೊಡನೆಯೋ ಜ್ವರದ ಬೆನ್ನಿಗೋ ಗುರುತು ತಪ್ಪಿದರೆ, ಬಲವಾದ ತಲೆನೋವಿದ್ದರೆ, ಫಿಟ್ಸ್ ಬಂದರೆ, ಇಲ್ಲದ್ದನ್ನು ಕಂಡರೆ ಇಲ್ಲವೆ ಮೂಸಿದರೆ, ಅವನನ್ನು ಅಂದೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಜ್ವರ ಎಂದು ಶುರುವಾಯಿತು, ಮಾತು ಎಂದು ತಪ್ಪಿತು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ವೈದ್ಯರಿಗೆ ಉಪಕಾರ. ಬೆನ್ನಿನಿಂದ ನೀರು ತೆಗೆದು ನೋಡಬೇಕೆಂದಾಗ ನಮ್ಮ ಜನ ಕಾಲು ಬಿದ್ದುಹೋಗುತ್ತದೆಂದು ಹೆದರಿ ರುಜು ಹಾಕದೆ ಕರೆದುಕೊಂಡು ಬಂದದ್ದುಂಟು. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಕೆಳಗಿನ ಜಾಗದಲ್ಲಿ. ಅಲ್ಲಿ ಹುರಿಗೆ ಚುಚ್ಚುವ ಭಯವಿಲ್ಲ. ಹರ್ಪಿಸ್ಸೋ ಅಲ್ಲವೋ ಎಂದು ತಿಳಿಯುವುದು ಆ ನೀರಿನಿಂದಲೇ.

ಊರಿನಲ್ಲಿ ಮಕ್ಕಳನ್ನು ಬಿಟ್ಟು ಬಂದವರಿಗೆ ಇನ್ನೊಂದು ಮಾತು. ದಡಾರ ಬಂದು ಹೋದ ಮಗುವಿನ ಮಿದುಳಿನಲ್ಲಿ ಆ ವೈರಸ್ಸು ಅಪರೂಪಕ್ಕೆ ಉಳಿದುಬಿಟ್ಟು, ಏಳೆಂಟು ವರ್ಷಗಳ ಮೇಲೆ ಏಳುವುದುಂಟು. ಮೊದಲು ಪಾಠದಲ್ಲಿ ಹಿಂದೆ ಬೀಳುತ್ತದೆ, ಸಿಡುಕುತ್ತದೆ. ಆಮೇಲೆ ಮೈ ಒಂದೊಂದು ಸಲ ಬೆಚ್ಚಿ ಅದುರುತ್ತದೆ. ಅದಕ್ಕೆ ನಂಬುವಂಥ ಮದ್ದಿಲ್ಲ, ತಡೆಯುವ ಲಸಿಕೆಯಿದೆ. ದಡಾರ ಮತ್ತು ರುಬೆಲ್ಲಾ ಎರಡಕ್ಕೂ ಸೇರಿದ ಲಸಿಕೆಯ ದೊಡ್ಡ ಕಾರ್ಯಕ್ರಮ ೨೦೧೭ರ ಫೆಬ್ರವರಿಯಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸರಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ಕಾಗದ ಬರೆಯುವಾಗಲೋ ಫೋನು ಮಾಡುವಾಗಲೋ ಮನೆಯವರಲ್ಲಿ ಒಮ್ಮೆ ವಿಚಾರಿಸಿ.

ಜ್ವರ ಏನೂ ಇಲ್ಲದೆ ಮನಸ್ಸೇ ಕುಂದಿದವರಿಗೆ ೧೪೪೧೬ ಎಂಬ ಟೆಲಿ-ಮಾನಸ್ ದೂರವಾಣಿ ೨೦೨೨ರ ಅಕ್ಟೋಬರಿನಿಂದ ಇದೆ. ಕರೆಗೆ ಹಣವಿಲ್ಲ, ಬೇಕಾದ ಭಾಷೆ ಆರಿಸಿಕೊಳ್ಳುವ ಏರ್ಪಾಡಿದೆ. ಈ ಅಂಕಿಯನ್ನು ನಮ್ಮ ಪತ್ರಿಕೆಗಳ ಮೇಜಿನ ಮೇಲೆ ಅಂಟಿಸಿದ್ದೇವೆ.

ನಮ್ಮ ತರುಣನ ವಿಷಯ ಹೇಳುವುದು ಉಳಿಯಿತು. ಗಾಡಿ ಹೊರಡುವ ದಿನ ಬೆಳಿಗ್ಗೆ, ಸಂಘದ ಸದಸ್ಯೆಯೂ ನರ್ಸೂ ಆದ ಒಬ್ಬ ಅಕ್ಕ ಅವನನ್ನು ನೋಡಲು ಬಂದರು. ಹಣೆ ಮುಟ್ಟಿ ನೋಡಿ, "ಅಣ್ಣಾ, ಇವನ ಮೈ ಸುಡುತ್ತಿದೆಯಲ್ಲ! ಊರಿಗೆ ಯಾಕೆ ಕಳಿಸುತ್ತೀರಿ, ಆಸ್ಪತ್ರೆಗೆ ಕರೆದುಕೊಂಡು ನಡೆಯಿರಿ" ಎಂದರು. ಟ್ಯಾಕ್ಸಿ ತರಿಸಿದ್ದು ಅವರೇ. ಅಷ್ಟರಲ್ಲಿ ಮೂರು ದಿನ ಹೋಗಿತ್ತು. ಬೆನ್ನಿನ ನೀರಿನಲ್ಲಿ ಹರ್ಪಿಸ್ ಸಿಕ್ಕಿತು. ಎಂಟು ಗಂಟೆಗೊಮ್ಮೆ ನರಕ್ಕೆ ಔಷಧ ಹಾಕಿ ಮೂರು ವಾರ ಇಟ್ಟುಕೊಂಡರು. ಪ್ರಾಣ ಉಳಿಯಿತು, ಮಾತು ಸರಿಯಾಯಿತು. ಹಳೆಯದೆಲ್ಲ ಅವನಿಗೆ ನೆನಪಿದೆ, ಹೊಸತು ನಿಲ್ಲುವುದಿಲ್ಲ. ಗಲ್ಲಾಪೆಟ್ಟಿಗೆಯ ಕೆಲಸ ಬಿಟ್ಟು ಈಗ ಅದೇ ಹೋಟೆಲಿನ ಸಾಮಾನು ಕೋಣೆಯಲ್ಲಿದ್ದಾನೆ. ಸಂಜೆ ವಾಚನಾಲಯಕ್ಕೆ ಬಂದು ಒಂದೇ ಪತ್ರಿಕೆಯನ್ನು ಎರಡು ಸಲ ಓದುತ್ತಾನೆ. ಕಿಸೆಯಲ್ಲಿ ಒಂದು ಚಿಕ್ಕ ವಹಿ ಇಟ್ಟುಕೊಂಡಿದ್ದಾನೆ. ಈಚೆಗೆ ಪರಿಚಯವಾದವರನ್ನು ಕಂಡರೆ ಅದರಲ್ಲಿ ಹೆಸರು ನೋಡಿಕೊಂಡು ಮಾತಾಡಿಸುತ್ತಾನೆ. ರದ್ದು ಮಾಡಿಸಿದ ಟಿಕೆಟಿನಿಂದ ಮರಳಿ ಬಂದ ಹಣ ಅವನ ಔಷಧದ ಲೆಕ್ಕಕ್ಕೆ ಜಮಾ ಆಯಿತು.